ಒಂದು ಲಕ್ಷ ಡಾಲರ್ ಶುಲ್ಕದ ನಂತರ ನವೋದ್ಯಮದ ಸ್ಥಾಪಕರಿಗೆ ಅಮೆರಿಕದ ದಾರಿ ಯಾವುದು?

ಭದ್ರಾತೀರ (ಪ್ರಶ್ನೆ):
ನಾನೂ ನನ್ನ ಸಹಪಾಠಿಯೊಬ್ಬರೂ ಸೇರಿ 2024ರ ಆರಂಭದಲ್ಲಿ ಕೃಷಿ ಮಾರುಕಟ್ಟೆಗೆ ಸಂಬಂಧಿಸಿದ ತಂತ್ರಾಂಶದ ಕಂಪನಿಯೊಂದನ್ನು ಕಟ್ಟಿದೆವು. ಮೂಲ ಕಂಪನಿ ಅಮೆರಿಕದ ಡೆಲವೇರ್ ರಾಜ್ಯದಲ್ಲಿ ನೋಂದಣಿಯಾಗಿದೆ. ಅದರ ಅಂಗಸಂಸ್ಥೆಯಾದ ಪ್ರೈವೇಟ್ ಲಿಮಿಟೆಡ್ ಬೆಂಗಳೂರಿನ ಜಯನಗರದಲ್ಲಿದ್ದು, ಹನ್ನೊಂದು ಜನರ ಆ ಕಚೇರಿಯನ್ನು ನಾನು ನೋಡಿಕೊಳ್ಳುತ್ತಿದ್ದೇನೆ. ಸಹಪಾಠಿಯವರು ಟೆಕ್ಸಾಸ್‌ನಲ್ಲಿ ಎಂ.ಎಸ್. ಮುಗಿಸಿ, ಸ್ಟೆಮ್ ಒಪಿಟಿಯ (ವಿಜ್ಞಾನ-ತಂತ್ರಜ್ಞಾನ ಓದಿದ ವಿದೇಶಿ ವಿದ್ಯಾರ್ಥಿಗಳಿಗೆ ಪದವಿಯ ನಂತರ ಸಿಗುವ ತಾತ್ಕಾಲಿಕ ಕೆಲಸದ ಅನುಮತಿ) ಮೇಲೆ ನಮ್ಮ ಕಂಪನಿಯಲ್ಲೇ ದುಡಿಯುತ್ತಿದ್ದಾರೆ. ಮುಂದಿನ ವರ್ಷ ಅದರ ಅವಧಿ ಮುಗಿಯುತ್ತದೆ. ನಮ್ಮಿಬ್ಬರ ಪಾಲು ತಲಾ ಶೇ. 42, ಉಳಿದದ್ದು ಹೂಡಿಕೆದಾರರು ಮತ್ತು ನೌಕರರದು.

ಈ ಮಾರ್ಚ್‌ನಲ್ಲಿ ಇಬ್ಬರ ಹೆಸರನ್ನೂ ಎಚ್-1ಬಿ (ಪರಿಣತ ವಿದೇಶಿ ಉದ್ಯೋಗಿಗಳ ವೀಸಾ) ಲಾಟರಿಗೆ ಹಾಕುವ ಯೋಚನೆಯಿತ್ತು. 2025ರ ಸೆಪ್ಟೆಂಬರ್ 19ರ ಅಧ್ಯಕ್ಷೀಯ ಘೋಷಣೆ ಹೊಸ ಎಚ್-1ಬಿ ಅರ್ಜಿಗಳಿಗೆ ವಿಧಿಸಿದ ಒಂದು ಲಕ್ಷ ಡಾಲರ್ ಶುಲ್ಕ, ಅಂದರೆ ಆಗಿನ ದರದಲ್ಲಿ ಸುಮಾರು 88 ಲಕ್ಷ ರೂಪಾಯಿ, ಇಬ್ಬರಿಗೂ ಅನ್ವಯಿಸುತ್ತದೆಯೇ? ನಮ್ಮ ಬ್ಯಾಂಕ್ ಖಾತೆಯಲ್ಲಿರುವ ಹಣದಿಂದ ಒಬ್ಬರ ಶುಲ್ಕ ಕಟ್ಟಿದರೂ ಆರು ತಿಂಗಳ ಸಂಬಳಕ್ಕೆ ಕತ್ತರಿ ಬೀಳುತ್ತದೆ. ಸ್ಥಾಪಕರಿಗೆಂದೇ 2025ರ ಜನವರಿಯಲ್ಲಿ ನಿಯಮ ಸಡಿಲಿಸಲಾಗಿದೆ ಎಂದೂ ಓದಿದ್ದೇನೆ. ತಿಳಿದವರು ದಯವಿಟ್ಟು ವಿವರಿಸಬೇಕು.

ಸಹ್ಯಾದ್ರಿ:
ಶುಲ್ಕ ತಗಲುವುದು ಅರ್ಜಿ ಹಾಕುವ ಹೊತ್ತಿಗೆ ವ್ಯಕ್ತಿ ಎಲ್ಲಿದ್ದಾರೆ ಎಂಬುದರ ಮೇಲೆ. ವಲಸೆ ಸೇವಾ ಇಲಾಖೆ ಅಕ್ಟೋಬರ್ 20ರಂದು ನೀಡಿದ ಸ್ಪಷ್ಟನೆಯ ಪ್ರಕಾರ, ಅಮೆರಿಕದೊಳಗೆ ಕಾನೂನುಬದ್ಧವಾಗಿ ಇದ್ದುಕೊಂಡು ವಿದ್ಯಾರ್ಥಿ ವೀಸಾದಿಂದ ಎಚ್-1ಬಿಗೆ ಸ್ಥಿತಿ ಬದಲಾವಣೆ (ದೇಶ ಬಿಡದೆಯೇ ಒಂದು ಬಗೆಯ ಅನುಮತಿಯಿಂದ ಇನ್ನೊಂದಕ್ಕೆ ಬದಲಾಗುವುದು) ಕೇಳುವವರಿಗೆ, ಆ ಬದಲಾವಣೆ ಮಂಜೂರಾದರೆ, ಈ ಶುಲ್ಕವಿಲ್ಲ. ಆದ್ದರಿಂದ ನಿಮ್ಮ ಸಹ-ಸ್ಥಾಪಕರಿಗೆ ಹೊರೆಯಿಲ್ಲ. ಬೆಂಗಳೂರಿನಲ್ಲಿರುವ ನಿಮಗೆ ಪೂರ್ತಿ ಹೊರೆಯಿದೆ. ಅರ್ಜಿ ಸಲ್ಲಿಸುವ ಮೊದಲೇ ಹಣ ಕಟ್ಟಿ, ಅದರ ರಸೀದಿಯನ್ನು ಅರ್ಜಿಗೆ ಲಗತ್ತಿಸಬೇಕು. ರಾಷ್ಟ್ರಹಿತದ ಹೆಸರಿನಲ್ಲಿ ವಿನಾಯಿತಿ ಇದೆಯಾದರೂ, ಹನ್ನೊಂದು ಜನರ ಕಂಪನಿಯೊಂದು ಅದನ್ನು ನಂಬಿ ಕೂರುವುದು ಜಾಣತನವಲ್ಲ.

ಜನವರಿಯ ನಿಯಮವನ್ನು ಪತ್ರಿಕೆಗಳು ಸ್ವಲ್ಪ ಉಬ್ಬಿಸಿ ಬರೆದವು ಎಂಬುದು ನನ್ನ ಅಭಿಪ್ರಾಯ. ಕಂಪನಿಯಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಅಥವಾ ಬಹುಮತದ ಮತಾಧಿಕಾರ ಇರುವವರೂ ತಮ್ಮ ಕಂಪನಿಯ ಮೂಲಕವೇ ಎಚ್-1ಬಿ ಪಡೆಯಬಹುದೆಂದು ಅದು ಸ್ಪಷ್ಟಪಡಿಸಿತು, ನಿಜ. ಆದರೆ ಅಂಥವರಿಗೆ ಮೊದಲ ಅರ್ಜಿ ಮತ್ತು ಮೊದಲ ವಿಸ್ತರಣೆ ಸಿಗುವುದು ತಲಾ 18 ತಿಂಗಳಿಗೆ ಮಾತ್ರ, ಎಲ್ಲರಂತೆ ಮೂರು ವರ್ಷಕ್ಕಲ್ಲ. ನಿಮ್ಮ ಪಾಲು ಶೇ. 42 ಆಗಿರುವುದರಿಂದ, ಮತಾಧಿಕಾರದ ವಿಶೇಷ ಒಪ್ಪಂದವೇನೂ ಇಲ್ಲದಿದ್ದರೆ, ಆ ಮಿತಿಯೂ ನಿಮಗೆ ಬಾರದು.

ಮಂಜಿನಕಣಿವೆ:
ಸಹ್ಯಾದ್ರಿಯವರ ಮಾತಿಗೆ ಎರಡು ಎಚ್ಚರಿಕೆಗಳನ್ನು ಸೇರಿಸುತ್ತೇನೆ. ಸ್ಥಿತಿ ಬದಲಾವಣೆಯ ಅರ್ಜಿ ಇತ್ಯರ್ಥವಾಗುವ ಮೊದಲೇ ನಿಮ್ಮ ಸಹ-ಸ್ಥಾಪಕರು ಊರಿಗೆ ಹೊರಟರೆ ಆ ಕೋರಿಕೆ ಬಿದ್ದುಹೋಗುತ್ತದೆ, ಶುಲ್ಕ ಹೆಗಲೇರುತ್ತದೆ. ನನ್ನದೂ ಇದೇ ಪರಿಸ್ಥಿತಿ: ತಂಗಿಯ ಮದುವೆ ಮೇ ತಿಂಗಳಲ್ಲಿದೆ. ಟಿಕೆಟ್ ಕಾಯ್ದಿರಿಸಿ ಆದ ಮೇಲೆ ವಕೀಲರು ಇದನ್ನು ಹೇಳಿದ್ದರಿಂದ ಅದನ್ನು ರದ್ದು ಮಾಡಿದ್ದೇನೆ. ಧಾರೆಯನ್ನು ಇನ್ನು ವಿಡಿಯೋ ಕರೆಯಲ್ಲೇ ನೋಡಬೇಕು.

ಎರಡನೆಯದು ಲಾಟರಿಯ ವಿಚಾರ. 2026ರಿಂದ ಸಂಬಳದ ಹಂತಕ್ಕೆ (ಒಟ್ಟು ನಾಲ್ಕು, ನಾಲ್ಕನೆಯದು ಅತಿ ಹೆಚ್ಚು) ತಕ್ಕಂತೆ ಚೀಟಿಗಳು: ನಾಲ್ಕನೆಯ ಹಂತದವರ ಹೆಸರು ನಾಲ್ಕು ಬಾರಿ, ಮೊದಲ ಹಂತದವರದು ಒಂದೇ ಬಾರಿ. ಸಂಬಳ ಕಡಿಮೆ ಇಟ್ಟುಕೊಂಡು ಷೇರಿನಲ್ಲಿ ಸರಿದೂಗಿಸುವುದು ನವೋದ್ಯಮಗಳ ರೂಢಿ, ಆದರೆ ಇಲ್ಲಿ ಷೇರು ಲೆಕ್ಕಕ್ಕೆ ಬರುವುದಿಲ್ಲ. ಒಟ್ಟು 85,000 ಸ್ಥಾನಗಳಿಗೆ ದೊಡ್ಡ ಕಂಪನಿಗಳ ಹಿರಿಯ ಎಂಜಿನಿಯರುಗಳ ಜೊತೆ ಪೈಪೋಟಿ ನಡೆಸುವ ಸಣ್ಣ ಕಂಪನಿಗೆ, ನನ್ನ ಲೆಕ್ಕದಲ್ಲಿ, ಒಂದು ಲಕ್ಷ ಡಾಲರ್‌ಗಿಂತ ಇದೇ ದೊಡ್ಡ ಪೆಟ್ಟು. ಏಕೆಂದರೆ ಶುಲ್ಕದ ಘೋಷಣೆಗೆ, ವಿಸ್ತರಿಸದಿದ್ದರೆ, ಹನ್ನೆರಡು ತಿಂಗಳ ಅವಧಿ ಮಾತ್ರ.

ಭದ್ರಾತೀರ:
ಇಬ್ಬರಿಗೂ ಧನ್ಯವಾದ. ವ್ಯಾಪಾರ ಭೇಟಿಯ ಬಿ-1 ವೀಸಾದಲ್ಲಿ ಹೋಗಿ, ಅಲ್ಲಿಂದಲೇ ಸ್ಥಿತಿ ಬದಲಾವಣೆ ಕೇಳಿದರೆ ಶುಲ್ಕ ತಪ್ಪುತ್ತದೆ ಎಂದು ಪರಿಚಿತರೊಬ್ಬರು ಹೇಳಿದರು. ಹಾಗೆಯೇ, ಉದ್ಯಮಿಗಳ ಪೆರೋಲ್ ಯೋಜನೆಗೆ (ನವೋದ್ಯಮದ ಸ್ಥಾಪಕರಿಗೆ ವೀಸಾ ಇಲ್ಲದೆಯೇ ಅಮೆರಿಕದಲ್ಲಿ ತಾತ್ಕಾಲಿಕವಾಗಿ ಇರಲು ಕೊಡುವ ಅನುಮತಿ), ದಾವಣಗೆರೆಯ ನಿವೇಶನ ಮಾರಿ ಅಪ್ಪ ಕಂಪನಿಗೆ ಹಾಕಿದ 40 ಲಕ್ಷ ರೂಪಾಯಿಯನ್ನು ಹೂಡಿಕೆಯೆಂದು ತೋರಿಸಬಹುದೇ?

ಹಳೆಯ ಕಡತ:
ಬಿ-1ರ ಉಪಾಯ ಬೇಡ. ಬರುವಾಗಲೇ ಉದ್ಯೋಗದ ಉದ್ದೇಶವಿತ್ತೆಂದು ಅಧಿಕಾರಿಗೆ ಅನಿಸಿದರೆ ಬದಲಾವಣೆ ತಿರಸ್ಕೃತವಾಗಿ, ಶುಲ್ಕದ ಜೊತೆಗೆ ಮುಂದಿನ ಪ್ರತಿ ವೀಸಾ ಸಂದರ್ಶನದಲ್ಲೂ ಅದಕ್ಕೆ ಉತ್ತರ ಹೇಳಬೇಕಾಗುತ್ತದೆ.

ಪೆರೋಲ್‌ಗೆ 2024ರ ಅಕ್ಟೋಬರ್‌ನಿಂದ 3,11,071 ಡಾಲರ್ ಹೂಡಿಕೆ ಬೇಕು, ಅದೂ ಅಮೆರಿಕದ ಅರ್ಹ ಹೂಡಿಕೆದಾರರಿಂದ. ತಂದೆ, ತಾಯಿ, ಒಡಹುಟ್ಟಿದವರು, ಸಂಗಾತಿ, ಮಕ್ಕಳು ಹಾಕಿದ ಹಣವನ್ನು ಪರಿಗಣಿಸುವುದಿಲ್ಲ. ತಂದೆಯವರ ತ್ಯಾಗ ದೊಡ್ಡದು. ಆದರೆ ಈ ಅರ್ಜಿಯಲ್ಲಿ ಅದಕ್ಕೆ ಜಾಗವಿಲ್ಲ.

ಇಷ್ಟಕ್ಕೂ ನಿಮ್ಮ ಮುಂದಿರುವ ನೇರ ದಾರಿ ಎಲ್-1ಎ (ವಿದೇಶಿ ಅಂಗಸಂಸ್ಥೆಯ ವ್ಯವಸ್ಥಾಪಕರನ್ನು ಅಮೆರಿಕದ ಕಚೇರಿಗೆ ವರ್ಗಾಯಿಸುವ ವೀಸಾ) ಎಂದು ನನಗೆ ತೋರುತ್ತದೆ. ಸೆಪ್ಟೆಂಬರ್‌ನ ಘೋಷಣೆ ಎಚ್-1ಬಿಗೆ ಮಾತ್ರ ಸಂಬಂಧಿಸಿದ್ದು. ಎಲ್-1ಕ್ಕೆ ಆ ಶುಲ್ಕವೂ ಇಲ್ಲ, ಲಾಟರಿಯೂ ಇಲ್ಲ. ಕಳೆದ ಮೂರು ವರ್ಷಗಳಲ್ಲಿ ಒಂದು ವರ್ಷವಾದರೂ ನೀವು ಜಯನಗರದ ಕಂಪನಿಯಲ್ಲಿ ವ್ಯವಸ್ಥಾಪಕರಾಗಿ ಸಂಬಳ ಪಡೆದಿರಬೇಕು, ಎರಡೂ ಕಂಪನಿಗಳ ಮಾಲೀಕತ್ವದ ಸಂಬಂಧಕ್ಕೆ ದಾಖಲೆ ಇರಬೇಕು. ಅಮೆರಿಕದ ಕಚೇರಿ ತೆರೆದು ಇನ್ನೂ ಒಂದು ವರ್ಷವಾಗಿಲ್ಲವೆಂದರೆ ಬಾಡಿಗೆ ಕರಾರು ಸಹಿತ ಜಾಗ ತೋರಿಸಬೇಕಾಗುತ್ತದೆ, ಮೊದಲಿಗೆ ಒಂದೇ ವರ್ಷದ ಅನುಮತಿ ಸಿಗುತ್ತದೆ. ಆ ವರ್ಷದೊಳಗೆ ನೀವು ನಿಜಕ್ಕೂ ಜನರನ್ನು ನಿರ್ವಹಿಸುತ್ತಿದ್ದೀರಿ, ಒಬ್ಬರೇ ಕೂತು ಕೋಡ್ ಬರೆಯುತ್ತಿಲ್ಲ ಎಂಬುದನ್ನು ಸಾಬೀತುಪಡಿಸಬೇಕು. ಹೆಚ್ಚಿನ ಸಣ್ಣ ಕಂಪನಿಗಳು ಎಡವುವುದು ಇಲ್ಲಿಯೇ.

ಕೊನೆಯದಾಗಿ, ನಿಮ್ಮ ಸಹ-ಸ್ಥಾಪಕರ ಸ್ಟೆಮ್ ಒಪಿಟಿಯ ತರಬೇತಿ ಯೋಜನೆಗೆ, ಅಂದರೆ ಐ-983 ನಮೂನೆಗೆ, ಉದ್ಯೋಗದಾತರ ಪರವಾಗಿ ಯಾರು ಸಹಿ ಹಾಕಿದ್ದಾರೆಂದು ಇಂದೇ ತೆಗೆದು ನೋಡಿ. ಅವರು ತಮಗೆ ತಾವೇ ಹಾಕಿಕೊಂಡಿದ್ದರೆ ಅದು ನಿಯಮಕ್ಕೆ ವಿರುದ್ಧ. ಲಾಟರಿಯ ಮಾತು ಬದಿಗಿರಲಿ, ಮೊದಲು ಅದನ್ನು ವಕೀಲರ ಮುಂದಿಡಿ.