ಡಬ್ಲಿನ್‌ನ ಟ್ರಿನಿಟಿ ಕಾಲೇಜು: ಒಂದು ಬೆಳಗ್ಗೆಯಲ್ಲಿ ಏನೇನು ನೋಡಬಹುದು?

ಪ್ರಶ್ನೆ: ಅಮ್ಮನನ್ನು ಕರೆದುಕೊಂಡು ಡಬ್ಲಿನ್‌ಗೆ ಹೋಗುತ್ತಿದ್ದೇನೆ. ಟ್ರಿನಿಟಿ ಕಾಲೇಜಿಗೆ ಒಂದು ಬೆಳಗ್ಗೆ ಇಟ್ಟುಕೊಂಡಿದ್ದೇವೆ. ಅಮ್ಮನಿಗೆ ಮಂಡಿ ನೋವು, ಜಾಸ್ತಿ ನಡೆಯೋಕೆ ಆಗಲ್ಲ. ಅಲ್ಲಿನ ಹಳೆಯ ಹಸ್ತಪ್ರತಿ ಬುಕ್ ಆಫ್ ಕೆಲ್ಸ್ ನೋಡುವ ಟಿಕೆಟ್ ದುಬಾರಿ ಅನ್ನಿಸುತ್ತಿದೆ. ತೆಗೆದುಕೊಳ್ಳಬೇಕಾ, ಸುಮ್ನೆ ಕ್ಯಾಂಪಸ್ ಸುತ್ತಿದರೆ ಸಾಕಾ? ಹೋಗಿಬಂದವರು ಹೇಳಿ.

ಅಲ್ಲಿ ಓದಿದವರು: ಕ್ಯಾಂಪಸ್ ಒಳಗೆ ಹೋಗೋಕೆ ದುಡ್ಡು ಕೊಡಬೇಕಿಲ್ಲ. ಟಿಕೆಟ್ ಇರುವುದು ಹಳೆಯ ಲೈಬ್ರರಿ ಮತ್ತು ಬುಕ್ ಆಫ್ ಕೆಲ್ಸ್‌ಗೆ. ಇದು ಗೊತ್ತಿಲ್ಲದೆ ಗೇಟಿನ ಹೊರಗೇ ಫೋಟೊ ತೆಗೆಸಿಕೊಂಡು ಹೋಗುವವರಿದ್ದಾರೆ.

ಮುಖ್ಯ ಬಾಗಿಲು ಕಾಲೇಜ್ ಗ್ರೀನ್ ಕಡೆಗಿದೆ. ಅದನ್ನು ದಾಟಿದರೆ ಅಂಗಳದ ತುಂಬ ಉರುಟು ಕಲ್ಲುಹಾಸು. ನೋಡೋಕೆ ಚೆಂದ, ಮಂಡಿ ನೋವಿನವರಿಗೆ ಮಾತ್ರ ಕಷ್ಟ. ಮಳೆ ಬಿದ್ದಿದ್ದರೆ ಜಾರುತ್ತದೆ ಕೂಡ. ಅಮ್ಮನನ್ನು ನಾಸೌ ಸ್ಟ್ರೀಟ್ ಕಡೆಯ ಬಾಗಿಲಿನಿಂದ ಕರೆದುಕೊಂಡು ಬನ್ನಿ. ಹಳೆಯ ಲೈಬ್ರರಿ ಅಲ್ಲಿಂದ ಹತ್ತಿರ.

ಅಂಗಳದ ನಡುವೆ 1853ರ ಗಂಟೆ ಗೋಪುರವಿದೆ, ಕ್ಯಾಂಪನೀಲಿ ಅಂತಾರೆ. ಕೆಳಗೆ ನಡೆಯುವಾಗ ಗಂಟೆ ಹೊಡೆದರೆ ಪರೀಕ್ಷೆಯಲ್ಲಿ ಫೇಲ್ ಅನ್ನುವುದು ಹುಡುಗರ ನಂಬಿಕೆ. ನಾವೂ ಡಿಗ್ರಿ ಕೈಗೆ ಬರುವವರೆಗೆ ಸುತ್ತು ಹಾಕಿಕೊಂಡೇ ಹೋಗುತ್ತಿದ್ದೆವು. ನಿಮಗೆ ಪರೀಕ್ಷೆ ಇಲ್ಲವಲ್ಲ, ಧೈರ್ಯವಾಗಿ ನಡೆಯಿರಿ.

ಟೂರ್‌ನಲ್ಲಿ ಹೋಗಿಬಂದವರು: ನನ್ನ ಮಟ್ಟಿಗೆ ಟಿಕೆಟ್ ದುಡ್ಡು ದಂಡ. ಬುಕ್ ಆಫ್ ಕೆಲ್ಸ್ ಸುಮಾರು ಕ್ರಿ.ಶ. 800ರದು, ಕರುವಿನ ಚರ್ಮದ ಹಾಳೆಗಳ ಮೇಲೆ ಬರೆದ ಕ್ರೈಸ್ತ ಸುವಾರ್ತೆಗಳು. ದೊಡ್ಡ ವಸ್ತುವೇ, ಇಲ್ಲ ಅನ್ನಲ್ಲ. ಆದರೆ ಗಾಜಿನೊಳಗೆ ತೆರೆದಿಟ್ಟ ಪುಟಗಳಷ್ಟೇ ಕಾಣುವುದು. ಬೆಳಕು ಮಂದ, ಫೋಟೊ ತೆಗೆಯುವಂತಿಲ್ಲ, ಹಿಂದೆ ಜನ ಕಾಯುತ್ತಿರುತ್ತಾರೆ. ಮೇಲಿನ ಲಾಂಗ್ ರೂಮ್‌ನಲ್ಲೂ, ಅಂದರೆ ಹಳೆಯ ಲೈಬ್ರರಿಯ ಉದ್ದನೆಯ ಪುಸ್ತಕದ ಕೋಣೆಯಲ್ಲೂ, ಕಪಾಟುಗಳು ಖಾಲಿ. ಇಂಟರ್‌ನೆಟ್‌ನಲ್ಲಿ ನೋಡಿದ ಫೋಟೊ ನಂಬಿಕೊಂಡು ಹೋಗಬೇಡಿ.

ಡಬ್ಲಿನ್‌ನಲ್ಲೇ ಇರುವವರು: ಖಾಲಿ ಇರುವುದಕ್ಕೆ ಕಾರಣ ಇದೆ. 2019ರಲ್ಲಿ ಪ್ಯಾರಿಸ್‌ನ ನೋತ್ರ್ ದಾಮ್ ಚರ್ಚ್‌ಗೆ ಬೆಂಕಿ ಬಿದ್ದ ಮೇಲೆ ಇಲ್ಲಿಯವರಿಗೂ ಭಯ ಹತ್ತಿತು. ಕಟ್ಟಡವನ್ನು ಭದ್ರಪಡಿಸುವ ಕೆಲಸಕ್ಕಾಗಿ ಸುಮಾರು 2 ಲಕ್ಷ ಹಳೆಯ ಪುಸ್ತಕಗಳನ್ನು ಧೂಳು ತೆಗೆದು, ಗುರುತು ಹಚ್ಚಿ, ಬೇರೆಡೆ ಸಾಗಿಸಿದರು. ನನಗಂತೂ ಖಾಲಿ ಲಾಂಗ್ ರೂಮೇ ಇಷ್ಟವಾಯಿತು. ಸುಮಾರು 65 ಮೀಟರ್ ಉದ್ದದ ಕೋಣೆ, ಮೇಲೆ ಕಮಾನಿನ ಮರದ ಚಾವಣಿ. ಪುಸ್ತಕ ಇದ್ದಾಗ ಈ ಮರಗೆಲಸದ ಕಡೆ ಕಣ್ಣೇ ಹೋಗುತ್ತಿರಲಿಲ್ಲ. ಇಲ್ಲಿನ ಹಳೆಯ ಹಾರ್ಪ್ ವಾದ್ಯವೇ ಐರ್ಲೆಂಡಿನ ಲಾಂಛನಕ್ಕೆ ಮಾದರಿ. ಜೇಬಿನಲ್ಲಿ ಐರಿಶ್ ಯೂರೊ ನಾಣ್ಯ ಇದ್ದರೆ ತೆಗೆದು ನೋಡಿ, ಅದೇ ಹಾರ್ಪ್.

ಟಿಕೆಟ್ ತೆಗೆದುಕೊಳ್ಳುವುದಾದರೆ ಆನ್‌ಲೈನ್‌ನಲ್ಲಿ ಮೊದಲೇ ಮಾಡಿ, ಸಮಯ ನಿಗದಿ ಇರುತ್ತದೆ. ಲಾಂಗ್ ರೂಮ್ ಆ ದಿನ ತೆರೆದಿದೆಯಾ ಅಂತ ನೋಡಿಕೊಂಡೇ ದುಡ್ಡು ಕಟ್ಟಿ. ಲಿಫ್ಟ್ ಬೇಕು ಅಂತಲೂ ಆಗಲೇ ಕೇಳಿಬಿಡಿ.

ಮತ್ತೆ ಅಲ್ಲಿ ಓದಿದವರು: ಟಿಕೆಟ್ ಜಗಳದಲ್ಲಿ ಮ್ಯೂಸಿಯಂ ಬಿಲ್ಡಿಂಗ್ ಮರೆತೇಹೋಯಿತು, ಅಲ್ವಾ? 1857ರಲ್ಲಿ ಮುಗಿದ ಕಟ್ಟಡ, ಈಗಲೂ ಅಲ್ಲಿ ಪಾಠ ನಡೆಯುತ್ತದೆ. ಒಳಗೆ ಕಾಲಿಟ್ಟ ಕೂಡಲೇ ಎದುರಿಗೆ ಎರಡು ದೈತ್ಯ ಜಿಂಕೆಗಳ ಅಸ್ಥಿಪಂಜರ. ಈ ಜಾತಿ ಭೂಮಿಯ ಮೇಲಿಂದ ಅಳಿದು ಸಾವಿರಾರು ವರ್ಷವಾಯಿತು. ಕೊಂಬಿನ ಹರವು ನೋಡಿದರೆ ಇದು ತಲೆ ಎತ್ತಿಕೊಂಡು ಹೇಗೆ ಓಡಾಡಿತೋ ಅನ್ನಿಸುತ್ತದೆ. ಸುತ್ತ ಹಸಿರು, ಕೆಂಪು ಐರಿಶ್ ಅಮೃತಶಿಲೆಯ ಕಂಬಗಳು. ಕಂಬದ ತಲೆಯಲ್ಲಿ ಕೆತ್ತಿದ ಎಲೆ, ಹೂಗಳನ್ನು ಹತ್ತಿರದಿಂದ ನೋಡಿ, ಒಂದರಂತೆ ಇನ್ನೊಂದಿಲ್ಲ. ಇವು ಓಶಿಯಾ ಸಹೋದರರು ಅನ್ನುವ ಶಿಲ್ಪಿಗಳು ನಿಜವಾದ ಗಿಡಗಳನ್ನು ಎದುರಿಗಿಟ್ಟುಕೊಂಡು ಕೆತ್ತಿದವು. ವಾರದ ದಿನ ಹೋಗಿ, ಗದ್ದಲ ಮಾಡಬೇಡಿ. ನನ್ನನ್ನು ಕೇಳಿದರೆ ಇಡೀ ಕ್ಯಾಂಪಸ್‌ನಲ್ಲಿ ಇದೇ ಮೊದಲು.

ಇನ್ನೊಬ್ಬರು: ಬೇಸಿಗೆಯಾದರೆ ಕಾಲೇಜ್ ಪಾರ್ಕ್ ಬಿಡಬೇಡಿ. ಊರಿನ ನಟ್ಟನಡುವೆ ಕ್ರಿಕೆಟ್ ಮೈದಾನ! ನೊಬೆಲ್ ಪಡೆದ ಸಾಹಿತಿ ಸ್ಯಾಮುಯೆಲ್ ಬೆಕೆಟ್ ಇಲ್ಲೇ ಓದಿದವರು. ಟ್ರಿನಿಟಿ ಸೇರಿರುವ ಡಬ್ಲಿನ್ ವಿಶ್ವವಿದ್ಯಾಲಯದ ಪರವಾಗಿ ಪ್ರಥಮ ದರ್ಜೆ ಪಂದ್ಯವನ್ನೂ ಆಡಿದ್ದರು. ಅಂಚಿನಲ್ಲಿ ಅಮ್ಮನನ್ನು ಕೂರಿಸಿ, ನೀವು ಉಳಿದದ್ದನ್ನು ಸುತ್ತಿ ಬರಬಹುದು. ಬಿಸಿಲಿದ್ದರೂ ಸ್ವೆಟರ್ ಇಟ್ಟುಕೊಳ್ಳಿ. ಕೊಡೆಗಿಂತ ಟೋಪಿ ಇರುವ ರೈನ್‌ಕೋಟ್ ವಾಸಿ, ಅಲ್ಲಿನ ಗಾಳಿಗೆ ಕೊಡೆ ನಿಲ್ಲುವುದಿಲ್ಲ.