ಹುಡುಗನನ್ನು ಹಾಸ್ಟೆಲ್‌ಗೆ ಮಾತ್ರ ಹಾಕಬೇಡ ತಂಗಿ

ತಂಗಿ, ನಮ್ಮ ಮನೆಯವರ ಗ್ರೂಪ್‌ನಲ್ಲಿ ನಿನ್ನ ಮೆಸೇಜ್ ಬೆಳಿಗ್ಗೆನೇ ಕೇಳಿದೆ. ಒಂಬತ್ತನೇ ಕ್ಲಾಸಿನ ಹುಡುಗ ಶಾಲೆಗೆ ಹೋಗಲ್ಲ ಅಂತಾನೆ, ಹೊಟ್ಟೆನೋವು ಅಂತ ಮಲಗುತ್ತಾನೆ, ಬಾಗಿಲು ಹಾಕಿಕೊಂಡು ಕೂರುತ್ತಾನೆ, ಮೊನ್ನೆ ಸಿಟ್ಟಿಗೆ ಮೊಬೈಲ್ ಗೋಡೆಗೆ ಬೀಸಿ ಒಡೆದ, ಏನು ಮಾಡಲಿ ದೊಡ್ಡವ್ವಾ ಅಂತ ಕೇಳಿದ್ದೀಯ. ಅದಕ್ಕೆ ಕಂಪ್ಲಿ ಅಣ್ಣ ಆಗಲೇ ಹಾಸ್ಟೆಲ್‌ಗೆ ಹಾಕಿಬಿಡು, ನೆಟ್ಟಗಾಗ್ತಾನೆ ಅಂದಿದ್ದಾರೆ. ನನಗೆ ಟೈಪ್ ಮಾಡೋಕೆ ಬರಲ್ಲ, ಮಾತಾಡೇ ಕಳಿಸ್ತಿದ್ದೀನಿ. ಉದ್ದ ಆದರೂ ಪೂರ್ತಿ ಕೇಳವ್ವಾ.

ಹಾಸ್ಟೆಲ್‌ಗೆ ಮಾತ್ರ ಹಾಕಬೇಡ. ಸಿಟ್ಟಿನಲ್ಲಿ, ಬುದ್ಧಿ ಕಲೀಲಿ ಅಂತ, ಖಂಡಿತ ಹಾಕಬೇಡ.

ನಿಮ್ಮ ಸಿರುಗುಪ್ಪ ಮಾವನ, ಅಂದರೆ ನನ್ನ ತಮ್ಮನ ಕಥೆ ನಿಮಗೆಲ್ಲ ಗೊತ್ತು, ಆದರೆ ಅರ್ಧ ಗೊತ್ತು. ಉಳಿದರ್ಧ ಅವನನ್ನು ಕೇಳಿಯೇ ಹೇಳ್ತಿದ್ದೀನಿ. ಅವನಿಗೂ ಆಗ ಇದೇ ವಯಸ್ಸು. ಬೆಳಿಗ್ಗೆ ಎದ್ದರೆ ಹೊಟ್ಟೆನೋವು. ರೊಟ್ಟಿ ಮುರಿದು ತಟ್ಟೆಯಲ್ಲೇ ಇಟ್ಟು ಎದ್ದು ಹೋಗೋನು. ಭಾನುವಾರ ಮಾತ್ರ ನೋವೂ ಇಲ್ಲ, ಏನೂ ಇಲ್ಲ. ಮನೆಯಲ್ಲಿ ಎಲ್ಲರೂ ನಾಟಕ ಅಂದರು. ಮೊದಲು ಗಾಳಿ ಸೋಕಿದೆ ಅಂತ ತಾಯತ ಕಟ್ಟಿಸಿದರು. ಆಮೇಲೆ ಹೊಡೆದರು. ಯಾವುದಕ್ಕೂ ಬಗ್ಗದಿದ್ದಾಗ ದೊಡ್ಡಪ್ಪ ತೀರ್ಮಾನ ಮಾಡಿದರು, ಬಳ್ಳಾರಿಯಲ್ಲಿ ಹಾಸ್ಟೆಲ್‌ಗೆ ಬಿಟ್ಟು ಬರೋದು ಅಂತ. ಆ ಮನೆಯಲ್ಲಿ ಹೆಣ್ಣುಮಕ್ಕಳ ಮಾತು ಎಲ್ಲಿ ನಡೀತಿತ್ತು? ಹಸಿರು ಟ್ರಂಕಿನ ಮೇಲೆ ಬಿಳಿ ಬಣ್ಣದಲ್ಲಿ ಅವನ ಹೆಸರು ಬರೆಸಿದ್ದರು, ಬಣ್ಣ ಇನ್ನೂ ಒಣಗಿರಲಿಲ್ಲ. ಬಸ್ಸಿನ ಬಾಗಿಲ ಕಂಬಿ ಗಟ್ಟಿಯಾಗಿ ಹಿಡಿದು ನಿಂತುಬಿಟ್ಟ. ದೊಡ್ಡಪ್ಪ ಒಂದೊಂದೇ ಬೆರಳು ಬಿಡಿಸಿ ಒಳಗೆ ತಳ್ಳಿದರು. ಅವನು ಅಳಲಿಲ್ಲ. ಅವ್ವ ಅತ್ತಳು.

ದಸರಾ ರಜೆಯ ಹೊತ್ತಿಗೆ ಹಾಸ್ಟೆಲ್‌ನಿಂದ ಹೇಳಿಕಳಿಸಿದರು, ಹುಡುಗ ಕಾಣ್ತಿಲ್ಲ ಅಂತ. ಸಿಕ್ಕಿದ್ದು ಗುಂತಕಲ್ ಸ್ಟೇಷನ್‌ನಲ್ಲಿ. ಕಾಲಲ್ಲಿ ಚಪ್ಪಲಿ ಇರಲಿಲ್ಲ, ಮೈ ಸುಡ್ತಿತ್ತು. ಮನೆಗೆ ಬಂದ ಮೇಲೂ ಎಷ್ಟೋ ಕಾಲ ಯಾರ ಜೊತೆಗೂ ಮಾತಿಲ್ಲ. ಓದು ಅಲ್ಲಿಗೇ ನಿಂತಿತು.

ಕಾರಣ ಗೊತ್ತಾಗಿದ್ದು ಅವನ ಮದುವೆ ಆದ ಮೇಲೆ. ಒಂದು ರಾತ್ರಿ ಮಾಳಿಗೆ ಮೇಲೆ ಕೂತು ನನಗೊಬ್ಬಳಿಗೇ ಹೇಳಿದ. ಊರ ಶಾಲೆಯಲ್ಲಿ ದೊಡ್ಡ ಹುಡುಗರ ಗುಂಪೊಂದು ದಿನಾ ಇವನ ಬುತ್ತಿ ಕಿತ್ತುಕೊಂಡು, ಶಾಲೆ ಹಿಂದೆ ಕರ್ಕೊಂಡು ಹೋಗಿ ಹೊಡೀತಿತ್ತಂತೆ. ಹೇಳಿದರೆ ಇನ್ನೂ ಹೊಡೀತೀವಿ ಅಂದಿದ್ದರಂತೆ. ಹೊಟ್ಟೆನೋವು ಅದು! ನಾಟಕ ಅಲ್ಲ. ಹೆದರಿಕೆಗೆ ಮಕ್ಕಳಿಗೆ ನಿಜವಾಗಿಯೇ ಹೊಟ್ಟೆ ನೋಯುತ್ತೆ, ತಲೆ ಸಿಡಿಯುತ್ತೆ. ಹಾಸ್ಟೆಲ್‌ನಲ್ಲೂ ಅಂಥವರೇ ಇದ್ದರು, ಅಲ್ಲಿ ರಾತ್ರಿಯೂ ತಪ್ಪಿಸಿಕೊಳ್ಳೋ ಹಾಗಿರಲಿಲ್ಲ. ಯಾಕಪ್ಪಾ ಶಾಲೆ ಬೇಡ ಅಂತ ಮನೆಯ ಹಿರಿಯರು ಯಾರೂ ಕೂರಿಸಿಕೊಂಡು ಕೇಳಲೇ ಇಲ್ಲ, ತಂಗಿ.

ಅದಕ್ಕೇ ಮತ್ತೆ ಹೇಳ್ತೀನಿ, ಯಾರು ಏನೇ ಅಂದರೂ ಹಾಸ್ಟೆಲ್‌ಗೆ ಹಾಕಬೇಡ. ಎರಡು ಬಾರಿಸು ಸರಿ ಹೋಗ್ತಾನೆ ಅನ್ನೋರ ಮಾತೂ ಕೇಳಬೇಡ. ಶಾಲೆಯಲ್ಲೇ ಹೊಡೀಬಾರದು ಅಂತ 2009ರ ಶಿಕ್ಷಣ ಹಕ್ಕು ಕಾಯ್ದೆ ಹೇಳುತ್ತೆ. ಮನೆಯಲ್ಲಿ ಹೊಡೆದರೆ ಆ ಹುಡುಗ ಇನ್ನೆಲ್ಲಿಗೆ ಹೋಗಬೇಕು?

ಇನ್ನೊಂದು ಮಾತು ಇವತ್ತು ಹೇಳಿಯೇ ಬಿಡ್ತೀನಿ. ನನ್ನ ತಮ್ಮ ಆಮೇಲೆ ಚೆನ್ನಾಗಿಯೇ ಬದುಕಿದ. ಗದ್ದೆ ಮಾಡಿದ, ಇಬ್ಬರು ಮಕ್ಕಳನ್ನು ಓದಿಸಿದ. ಆದರೂ ನಮ್ಮ ಜನರ ಬಾಯಲ್ಲಿ ಅವನು ಇವತ್ತಿಗೂ ಓಡಿಹೋದವನೇ. ನನ್ನ ಮಗಳಿಗೆ ಮಾನ್ವಿ ಕಡೆಯಿಂದ ಸಂಬಂಧ ಬಂದಿತ್ತು. ಶಾವಿಗೆ ಪಾಯಸ ಉಂಡು, ಹುಡುಗಿ ಒಪ್ಪಿಗೆ ಅಂತ ಹೇಳಿ ಹೋದವರು ಮತ್ತೆ ಬರಲಿಲ್ಲ. ಹೆಣ್ಣಿನ ಸೋದರಮಾವನಿಗೆ ತಲೆ ಸರಿ ಇಲ್ಲ ಅಂತ ನಮ್ಮವರೇ ಕಿವಿ ಊದಿದ್ದರು. ಯಾರು ಅಂತ ನನಗೆ ಗೊತ್ತು. ಹೆಸರು ಹೇಳಲ್ಲ. ಈ ಗ್ರೂಪ್‌ನಲ್ಲೇ ಇದ್ದಾರೆ, ಇದನ್ನೂ ಕೇಳ್ತಿದ್ದಾರೆ. ನನ್ನ ಮಗಳು ಆ ವಾರ ಪೂರ್ತಿ ಹೊರಗೆ ಬರಲಿಲ್ಲ. ಮಕ್ಕಳ ನೋವನ್ನು ಹೀಗೆ ಊರೆಲ್ಲ ಹಂಚಿದರೆ ಯಾವ ತಾಯಿ ಬಾಯಿ ಬಿಟ್ಟು ಕೇಳ್ತಾಳೆ? ಈ ಹುಡುಗಿ ಧೈರ್ಯ ಮಾಡಿ ಕೇಳಿದ್ದಾಳೆ. ಅವಳ ಮಗನ ವಿಷಯ ಯಾರಾದರೂ ಮದುವೆ ಮುಂಜಿಯಲ್ಲಿ ಎತ್ತಿದರೆ ನಾನು ಸುಮ್ನಿರಲ್ಲ.

ಅಯ್ಯೋ, ಮಾಡಬೇಕಾದ್ದು ಏನು ಅಂತ ಹೇಳೋದೇ ಬಿಟ್ಟೆ ನೋಡು. ಬರ್ಕೋ ತಂಗಿ, 14416. ಟೆಲಿ ಮಾನಸ್ ಅಂತ, ಮನಸ್ಸಿನ ತೊಂದರೆಗೆ ಸಹಾಯ ಮಾಡೋ ಫೋನ್ ನಂಬರು, ಸರ್ಕಾರದ್ದು, 2022ರಲ್ಲಿ ಶುರುವಾಯ್ತು. ದುಡ್ಡು ಇಲ್ಲ, ಹಗಲು ರಾತ್ರಿ ಯಾವಾಗ ಮಾಡಿದರೂ ಎತ್ತುತ್ತಾರೆ, ಕನ್ನಡದಲ್ಲೇ ಮಾತಾಡ್ತಾರೆ. ಮೊದಲು ನೀನೇ ಮಾತಾಡು, ಹುಡುಗನಿಗೆ ಆಮೇಲೆ ಕೊಡು. ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ಮನಸ್ಸಿನ ಕಾಯಿಲೆ ನೋಡೋಕೆ ಮನೋಚೈತನ್ಯ ಕ್ಲಿನಿಕ್ ಅಂತ ನಡೆಸ್ತಾರೆ, ಗಂಗಾವತಿ ಆಸ್ಪತ್ರೆಗೆ ಡಾಕ್ಟರು ಯಾವತ್ತು ಬರ್ತಾರೆ ಅಂತ ಕೇಳ್ಕೊಂಡು ಹೋಗು. ನಾಚಿಕೆ ಪಡಬೇಡ. ನಿಮ್ಹಾನ್ಸ್‌ನವರು 1980ರ ದಶಕದಲ್ಲಿ ಹಳ್ಳಿ ಆಸ್ಪತ್ರೆಯಲ್ಲೇ ಮನಸ್ಸಿನ ಕಾಯಿಲೆ ನೋಡೋ ಕೆಲಸವನ್ನು ನಮ್ಮ ಬಳ್ಳಾರಿ ಜಿಲ್ಲೆಯಲ್ಲೇ ಮಾಡಿ ತೋರಿಸಿದ್ದು. ಅದನ್ನೇ ನೋಡಿ 1996ರಲ್ಲಿ ದೇಶದ ಬೇರೆ ಜಿಲ್ಲೆಗಳಿಗೂ ತಂದರು. ನಮ್ಮ ತಮ್ಮನ ಕಾಲಕ್ಕೆ ಅದೂ ಇರಲಿಲ್ಲ.

ಮನೆಯಲ್ಲಿ ಎದುರು ಕೂರಿಸಿ ವಿಚಾರಣೆ ಮಾಡಬೇಡ. ಅವನಪ್ಪ ಗಾಡಿ ಮೇಲೆ ಕರ್ಕೊಂಡು ಹೋಗಿ ಒಗ್ಗರಣೆ ಮಿರ್ಚಿ ತಿನ್ನಿಸಲಿ, ಅಲ್ಲಿ ನಿಧಾನವಾಗಿ ಕೇಳಲಿ, ಶಾಲೆಯಲ್ಲಿ ಯಾರಾದರೂ ತೊಂದರೆ ಕೊಡ್ತಾರಾ, ಮೊಬೈಲ್‌ನಲ್ಲಿ ಯಾರಾದರೂ ಹೆದರಿಸ್ತಿದ್ದಾರಾ ಅಂತ. ಹೇಳದಿದ್ದರೆ ಬಿಡಲಿ, ಇನ್ನೊಂದು ದಿನ ಕೇಳಲಿ. ಕ್ಲಾಸ್ ಟೀಚರ್ ಹತ್ತಿರ ನೀನೊಬ್ಬಳೇ ಹೋಗಿ ಬಾ. ಮಾರ್ಕ್ಸ್ ಮಾತು ಸದ್ಯ ಬೇಡ. ಮುಂದೆ ಎಸ್ಸೆಸ್ಸೆಲ್ಸಿಗೂ ಈಗ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಸಲ ಪರೀಕ್ಷೆ ಇದೆ.

ಒಂದು ಮಾತ್ರ ತಡ ಮಾಡಬೇಡ. ಸಾಯ್ತೀನಿ, ನಾನು ಇರಬಾರದಿತ್ತು ಅನ್ನೋ ಥರ ಮಾತು ಬಂದರೆ, ಕೈ ಕೊಯ್ದುಕೊಂಡ ಗುರುತು ಕಂಡರೆ, ಅವತ್ತೇ ಆಸ್ಪತ್ರೆಗೆ ಕರ್ಕೊಂಡು ಹೋಗು. ಹೊಲಕ್ಕೆ ಹೊಡೆಯೋ ಎಣ್ಣೆ ಡಬ್ಬಿ ಮನೆಯಲ್ಲಿದ್ದರೆ ಇವತ್ತೇ ಬೀಗ ಹಾಕಿಸು. ಅವನನ್ನು ಒಬ್ಬನೇ ಬಿಡಬೇಡ.

ಉಳಿದದ್ದು ಈ ಗ್ರೂಪ್‌ನಲ್ಲಿ ಬರೀಬೇಡವ್ವಾ. ಸಂಜೆ ನನಗೇ ಫೋನ್ ಮಾಡು.