ಸಹಾಯ ಬೇಕು: ಹಳೇ ಗ್ರಾಮಫೋನ್ ರೆಕಾರ್ಡುಗಳಿಗೆ ಗ್ರೇಡ್ ಹೇಗೆ ಕೊಡೋದು?

ಅಪ್ಪ ಕೂಡಿಟ್ಟ ರೆಕಾರ್ಡುಗಳನ್ನು ಮಾರಬೇಕಾಗಿದೆ. ಜಾಸ್ತಿ ಇರೋದು ಎಪ್ಪತ್ತರ ದಶಕದ ಕನ್ನಡ ಸಿನಿಮಾ ಹಾಡುಗಳ 45 ಆರ್‌ಪಿಎಂ (ನಿಮಿಷಕ್ಕೆ 45 ಸುತ್ತು) ಇಪಿಗಳು, ಅಂದರೆ ಕೆಲವೇ ಹಾಡು ಇರೋ ಚಿಕ್ಕ ರೆಕಾರ್ಡುಗಳು, ಜೊತೆಗೆ ಒಂದಷ್ಟು ಎಲ್‌ಪಿ (ಜಾಸ್ತಿ ಹೊತ್ತು ಓಡೋ ದೊಡ್ಡ ರೆಕಾರ್ಡು), ಕೆಲವು 78 ಆರ್‌ಪಿಎಂನ ಶೆಲ್ಯಾಕ್ (ಅರಗಿನ) ಪ್ಲೇಟುಗಳು.

ರೆಕಾರ್ಡಿನ ಸ್ಥಿತಿ ಹೇಳೋ ಗೋಲ್ಡ್‌ಮೈನ್ ಗ್ರೇಡಿಂಗ್ ಗೊತ್ತು: ಮಿಂಟ್ (ಹೊಚ್ಚ ಹೊಸದರ ಹಾಗೆ), ನಿಯರ್ ಮಿಂಟ್, ವಿಜಿ (ವೆರಿ ಗುಡ್) ಪ್ಲಸ್, ವಿಜಿ, ಹೀಗೆ ಕೆಳಗಿಳಿಯುತ್ತದೆ. ರೆಕಾರ್ಡಿಗೆ ಒಂದು, ಕವರಿಗೆ ಇನ್ನೊಂದು ಗ್ರೇಡ್ ಕೊಡಬೇಕು ಅನ್ನೋದೂ ಗೊತ್ತು. ನನ್ನ ತೊಂದರೆ ಬೇರೆ. ಒಂದು ಇಪಿ ದೀಪದ ಕೆಳಗೆ ಹಿಡಿದರೆ ಕನ್ನಡಿ ಹಾಗೆ ಹೊಳೆಯುತ್ತದೆ, ಆದರೆ ಸವೆದ ಸೂಜಿಯಲ್ಲಿ ತುಂಬಾ ಸಲ ಹಾಕಿದ್ದರಿಂದಲೋ ಏನೋ, ಗಾಯಕರು ದನಿ ಏರಿಸಿದ ಕಡೆಯೆಲ್ಲ ಕರಕರ ಅನ್ನುತ್ತದೆ. ಇನ್ನೊಂದರ ಮೇಲೆ ಗೀರುಗಳು ಕಾಣುತ್ತವೆ, ಉಗುರಿಗೆ ಮಾತ್ರ ಸಿಗಲ್ಲ, ಹಾಡು ಸ್ವಚ್ಛವಾಗಿ ಬರುತ್ತದೆ. ಇವೆರಡರಲ್ಲಿ ಯಾವುದು ಮೇಲು? ನನ್ನ ಪ್ರಕಾರ ಕೇಳಿಯೇ ಗ್ರೇಡ್ ಕೊಡಬೇಕು, ಕೊಳ್ಳುವವರು ಹಾಡು ಕೇಳೋಕೆ ತಾನೇ ದುಡ್ಡು ಕೊಡೋದು, ಅಲ್ವಾ?

78ರ ಪ್ಲೇಟುಗಳಿಗೂ ಇದೇ ಅಳತೆ ನಡೆಯುತ್ತಾ? ಅವುಗಳಲ್ಲಿ ಸ್ವಲ್ಪ ಸರಸರ ಸದ್ದು ಇದ್ದೇ ಇರುತ್ತದೆ. ಅಂಚಿನಲ್ಲಿ ಕೂದಲೆಳೆಯಷ್ಟು ಬಿರುಕಿದ್ದರೆ ಯಾವ ಗ್ರೇಡ್ ಬರೆಯುತ್ತೀರಿ? ಶೆಲ್ಯಾಕಿಗೆ ಆಲ್ಕೋಹಾಲ್ ತಾಗಿಸಬಾರದು ಅಂತ ಇನ್ನೂ ಒರೆಸಿಲ್ಲ.

ಮಾರಿ ಅನುಭವ ಇರುವವರು ದಯವಿಟ್ಟು ಹೇಳಿ. ಫೋಟೋ, ಆಡಿಯೋ ಎರಡೂ ಕಳಿಸ್ತೀನಿ.